ಒಂದು ಜೋಡಿ ತಾಮ್ರದ ತಂತಿ, 172233

ಸಿಂಧನೂರಿಗೆ ಪ್ರಯಾಣಿಕರ ರೈಲು ಬಂದದ್ದು 2024ರ ಮಾರ್ಚ್‌ನಲ್ಲಿ. ಇಂಟರ್ನೆಟ್ ಅದಕ್ಕಿಂತ ಎರಡು ದಶಕ ಮೊದಲೇ ಬಂದಿತ್ತು. ಹಳಿ ಬೇಕಾಗಲಿಲ್ಲ, ಹೊಸ ಕಂಬವೂ ಬೇಕಾಗಲಿಲ್ಲ. ಫೋನಿಗೆಂದು ಮನೆಯೊಳಗೆ ಎಳೆದಿದ್ದ ಒಂದು ಜೋಡಿ ತಾಮ್ರದ ತಂತಿಯೇ ಸಾಕಾಯಿತು. ಆ ತಂತಿಯ ಒಂದು ತುದಿಯಲ್ಲಿ ಪೆಂಟಿಯಂ ಕಂಪ್ಯೂಟರ್, ಇನ್ನೊಂದು ತುದಿಯಲ್ಲಿ ಊರಿನ ಎಕ್ಸ್‌ಚೇಂಜ್. ನಡುವೆ ಮೋಡೆಮ್ ಎಂಬ ಪುಟ್ಟ ಪೆಟ್ಟಿಗೆ ಕಿರುಚಿ, ಗೊರಗೊರ ಸದ್ದು ಮಾಡಿ ಸುಮ್ಮನಾದರೆ ‘ನೆಟ್ ಹತ್ತಿತು’ ಎಂದೇ ಅರ್ಥ.

ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಅದನ್ನು ಮೊದಲು ಕೊಟ್ಟದ್ದು ನಾಲ್ಕು ಮಹಾನಗರಗಳಿಗೆ. ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಆಮೇಲೆ ಬೆಂಗಳೂರಿಗೂ ಬಂತು. ಆದರೆ ಸಿಂಧನೂರಿನ ನೆರೆಯ ಲಿಂಗಸುಗೂರಿನವರು ಅದನ್ನು ಬಳಸಬೇಕೆಂದರೆ ಬೆಂಗಳೂರಿಗೆ ಎಸ್‌ಟಿಡಿ ಕರೆ ಮಾಡಿ, ಕರೆ ನಡೆದಷ್ಟು ಹೊತ್ತು ದುಡ್ಡು ತೆರಬೇಕಿತ್ತು. ಅದು ಆಗುಹೋಗುವ ಮಾತಾಗಿರಲಿಲ್ಲ. 1998ರ ನವೆಂಬರ್‌ನಲ್ಲಿ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. 1999ರ ದೂರಸಂಪರ್ಕ ನೀತಿ ಎಲ್ಲ ಜಿಲ್ಲಾ ಕೇಂದ್ರಗಳಿಗೂ ಇಂಟರ್ನೆಟ್ ಮುಟ್ಟಿಸುವ ಗುರಿ ಇಟ್ಟುಕೊಂಡಿತು. ನಮ್ಮ ತಾಲ್ಲೂಕುಗಳ ಮಟ್ಟಿಗೆ ದಾರಿ ತೆರೆದದ್ದು ಆಗಲೇ. 2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ಕೆಲಸ ಆರಂಭಿಸಿತು. ಅದರ ಇಂಟರ್ನೆಟ್ ಸೇವೆ ‘ಸಂಚಾರ್‌ನೆಟ್’ಗೆ 172233 ಎಂಬ ಸಂಖ್ಯೆ. ಎಸ್‌ಟಿಡಿಯ ಹಂಗಿಲ್ಲದೆ ಮನೆಯಿಂದಲೇ ಡಯಲ್ ಮಾಡಬಹುದಾದ ಆ ಆರು ಅಂಕಿಗಳು ಆ ಕಾಲದಲ್ಲಿ ಕಂಪ್ಯೂಟರ್ ಇದ್ದವರ ಬಾಯಲ್ಲಿ ನಲಿದಾಡುತ್ತಿದ್ದವು.

ಹಾಗೆ ಕಂಪ್ಯೂಟರ್ ಇದ್ದವರು ಯಾರು? ಸಿಂಧನೂರಿನ ರೈಸ್ ಮಿಲ್ಲುಗಳಲ್ಲಿ ನೆಲ್ಲು–ಅಕ್ಕಿಯ ಲೆಕ್ಕಕ್ಕೆ ಒಂದೊಂದು. ಗೊಬ್ಬರ, ಬೀಜದ ಅಂಗಡಿಗಳಲ್ಲಿ, ಮದುವೆ ಪತ್ರಿಕೆ ಮಾಡಿಕೊಡುವ ಡಿಟಿಪಿ ಸೆಂಟರುಗಳಲ್ಲಿ, ವಕೀಲರು ಮೇಷ್ಟ್ರುಗಳ ಮನೆಯಲ್ಲಿ, ಹಟ್ಟಿ ಚಿನ್ನದ ಗಣಿಯ ನೌಕರರ ಮನೆಗಳಲ್ಲಿ. ಮಗನೋ ಮಗಳೋ ಅಮೆರಿಕಕ್ಕೆ ಹೋಗಿದ್ದರೆ ಅವರು ಬಂದಾಗ ಬಿಟ್ಟುಹೋದದ್ದು ಒಂದು. ಬಹುಪಾಲು ಹಳೆಯ ಯಂತ್ರಗಳೇ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಯಾರೋ ಬಳಸಿ ಬಿಟ್ಟಿದ್ದನ್ನು ಕೊಂಡು ತಂದು, ಜೋಡಿಸಿ, ವಿಂಡೋಸ್ 98 ಹಾಕಿದವು. 32 ಎಂಬಿ ರ‍್ಯಾಮ್ ಇದ್ದರೆ ಅನುಕೂಲಸ್ಥರೆಂದೇ ಲೆಕ್ಕ.

ಇಂಥ ಹಳೆಯ ಯಂತ್ರಕ್ಕೆ ನೆಟ್ ಹಚ್ಚುವುದು ತಂತಿ ಚುಚ್ಚಿದಷ್ಟಕ್ಕೇ ಆಗುತ್ತಿರಲಿಲ್ಲ. ಮೊದಲ ಪ್ರಶ್ನೆ ಮೋಡೆಮ್ ಎಂಥದ್ದು ಎಂಬುದು. ಒಳಗೆ ಕೂರಿಸುವ ಕಾರ್ಡು ಅಗ್ಗ. ಆದರೆ ಅಂಥ ಕಾರ್ಡುಗಳಲ್ಲಿ ಹೆಚ್ಚಿನವು ತಮ್ಮ ಕೆಲಸದ ಭಾರವನ್ನೆಲ್ಲ ಕಂಪ್ಯೂಟರಿನ ಪ್ರೊಸೆಸರ್ ಮೇಲೆ ಹೊರಿಸುತ್ತಿದ್ದವು. ಹಳೆಯ ಪೆಂಟಿಯಂ ಆ ಭಾರಕ್ಕೆ ಏದುಸಿರು ಬಿಡುತ್ತಿತ್ತು. ಅವುಗಳ ಡ್ರೈವರ್ ಸಿ.ಡಿ. ಕಳೆದರಂತೂ ಕಾರ್ಡೇ ನಿರುಪಯೋಗಿ. ಹೊರಗೆ ಇಡುವ ಮೋಡೆಮ್‌ಗೆ ಬೆಲೆ ಜಾಸ್ತಿ, ಆದರೆ ಲೆಕ್ಕಾಚಾರವನ್ನೆಲ್ಲ ತಾನೇ ಮಾಡಿಕೊಳ್ಳುತ್ತಿತ್ತು. ಹಿಂದುಗಡೆಯ ಸೀರಿಯಲ್ ಪೋರ್ಟಿಗೆ ಅಗಲ ಕೇಬಲ್ ಸಿಕ್ಕಿಸಿ ಎರಡು ಸ್ಕ್ರೂ ತಿರುಗಿಸಿದರೆ ಆಯಿತು. ನನ್ನನ್ನು ಕೇಳಿದರೆ ಹಳೆಯ ಯಂತ್ರಕ್ಕೆ ಸರಿಯಾದ ಜೊತೆ ಅದೇ. ಅದರ ಮುಖದ ಮೇಲೆ ಸಾಲಾಗಿ ಕೆಂಪು ದೀಪಗಳು. ಫೋನ್ ಎತ್ತಿಕೊಂಡರೆ ‘ಓಎಚ್’ ಹತ್ತುತ್ತದೆ, ಅತ್ತಲಿನ ಯಂತ್ರ ಒಪ್ಪಿದರೆ ‘ಸಿಡಿ’ ಹತ್ತುತ್ತದೆ, ಮಾಹಿತಿ ಬರುವಾಗ ‘ಆರ್‌ಡಿ’, ಹೋಗುವಾಗ ‘ಎಸ್‌ಡಿ’ ಮಿಣುಕುತ್ತವೆ. ಪರದೆಯ ಮೇಲೆ ಪುಟ ನಿಂತುಹೋದಾಗ ಲೈನು ಕಡಿದಿದೆಯೋ, ಇನ್ನೂ ಬರುತ್ತಿದೆಯೋ ಎಂದು ಆ ದೀಪ ನೋಡಿಯೇ ಹೇಳಬಹುದಿತ್ತು. 486ರ ಕಾಲದ ಯಂತ್ರವಾದರೆ ಇನ್ನೊಂದು ತೊಡಕು: ಅದರ ಸೀರಿಯಲ್ ಪೋರ್ಟಿನ ಹಳೆಯ ಚಿಪ್ಪು ಬರುವ ಅಕ್ಷರಗಳನ್ನು ಕೂಡಿಟ್ಟುಕೊಳ್ಳಲಾರದೆ ಕೈಚೆಲ್ಲುತ್ತಿತ್ತು. 16550 ಎಂಬ ಚಿಪ್ಪು ಇರುವ ಪೋರ್ಟ್ ಬೇಕಿತ್ತು.

ಎರಡನೆಯ ಪ್ರಶ್ನೆ ವಿಂಡೋಸ್‌ನದು. ‘ಮೈ ಕಂಪ್ಯೂಟರ್’ ಒಳಗೆ ‘ಡಯಲ್-ಅಪ್ ನೆಟ್‌ವರ್ಕಿಂಗ್’, ಅದರೊಳಗೆ ‘ಮೇಕ್ ನ್ಯೂ ಕನೆಕ್ಷನ್’. ಅಲ್ಲಿ 172233 ಬರೆಯಬೇಕು. ವಿಂಡೋಸ್ ತಾನಾಗಿ ಏರಿಯಾ ಕೋಡ್ ಕೇಳುತ್ತದೆ. ಸಿಂಧನೂರಿಗೆ 08535, ಲಿಂಗಸುಗೂರಿಗೆ 08537 ಎಂದು ಶ್ರದ್ಧೆಯಿಂದ ತುಂಬಿದರೆ, ಅದು ಸಂಖ್ಯೆಗೆ ಮೊದಲು ಆ ಕೋಡನ್ನೂ ಸೇರಿಸಿ ಒತ್ತಿಬಿಡುವ ಸಂಭವವಿತ್ತು. ಕರೆ ಎಲ್ಲಿಗೂ ಮುಟ್ಟುತ್ತಿರಲಿಲ್ಲ. ‘ಯೂಸ್ ಏರಿಯಾ ಕೋಡ್’ ಎಂಬಲ್ಲಿನ ಟಿಕ್ ತೆಗೆದರೆ ಅರ್ಧ ಕೆಲಸ ಮುಗಿದಂತೆ. ‘ಸರ್ವರ್ ಟೈಪ್ಸ್’ನಲ್ಲಿ ಟಿಸಿಪಿ/ಐಪಿ ಒಂದನ್ನು ಬಿಟ್ಟು ಉಳಿದವುಗಳ ಟಿಕ್ ತೆಗೆದರೆ ಬೇಗ ಹತ್ತುತ್ತಿತ್ತು. ಈ ಎರಡು ಗುಟ್ಟು ಗೊತ್ತಿದ್ದ ಹುಡುಗರಿಗೆ ಊರಲ್ಲಿ ಭಾರೀ ಬೇಡಿಕೆ. ಸೈಕಲ್ ಏರಿ ಮನೆಯಿಂದ ಮನೆಗೆ ಹೋಗಿ ನೆಟ್ ಹಚ್ಚಿಕೊಟ್ಟು ಚಹಾ ಕುಡಿದು ಬರುತ್ತಿದ್ದರು.

ಮೂರನೆಯದು ಎಲ್ಲಕ್ಕಿಂತ ವಿಚಿತ್ರ. ಫೋನ್ ಎತ್ತಿದರೆ ಡಯಲ್ ಟೋನ್ ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ಆದರೆ ಮೋಡೆಮ್ ‘ನೋ ಡಯಲ್ ಟೋನ್’ ಎನ್ನುತ್ತದೆ. ಅದರ ಕಿವಿ ಅಮೆರಿಕದ್ದು. ಅಲ್ಲಿಯ ಡಯಲ್ ಟೋನ್ 350 ಮತ್ತು 440 ಹರ್ಟ್ಸ್‌ನ ಎರಡು ಸ್ವರಗಳ ಬೆರಕೆ. ನಮ್ಮದು 400 ಹರ್ಟ್ಸ್‌ನ ಸ್ವರ, 25 ಹರ್ಟ್ಸ್‌ನಲ್ಲಿ ಕಂಪಿಸುವಂಥದು. ಅಂಥ ಮೋಡೆಮ್‌ಗೆ ಅದು ಡಯಲ್ ಟೋನ್ ಎಂದೇ ಅನಿಸುತ್ತಿರಲಿಲ್ಲ. ‘ವೇಟ್ ಫಾರ್ ಡಯಲ್ ಟೋನ್’ ಟಿಕ್ ತೆಗೆಯಬೇಕು, ಇಲ್ಲವೇ ‘ಎಟಿಎಕ್ಸ್3’ ಎಂಬ ಆದೇಶ ಕೊಡಬೇಕು. ಎಕ್ಸ್‌ಚೇಂಜ್ ಹಳೆಯದಾಗಿ ಟೋನ್ ಒಪ್ಪದಿದ್ದರೆ ‘ಎಟಿಡಿಟಿ’ ಬದಲು ‘ಎಟಿಡಿಪಿ’. ಆಗ ಮೋಡೆಮ್ ತಿರುಗಣೆ ಫೋನಿನ ಹಾಗೆ ಟಿಕಟಿಕ ಎಂದು ಅಂಕಿ ಎಣಿಸುತ್ತಿತ್ತು.

ಆಮೇಲೆ ಆ ಸದ್ದು. ಅದನ್ನು ಗದ್ದಲವೆಂದು ಮರೆತವರೇ ಹೆಚ್ಚು, ಆದರೆ ಅದರ ಪ್ರತಿ ಕಿರುಚಿಗೂ ಅರ್ಥವಿತ್ತು. ಫೋನ್ ಲೈನು ಮನುಷ್ಯರ ಮಾತಿಗೆಂದು ಕಟ್ಟಿದ್ದು. ಸುಮಾರು 300ರಿಂದ 3,400 ಹರ್ಟ್ಸ್ ನಡುವಿನ ಸದ್ದು ಮಾತ್ರ ದಾಟುತ್ತದೆ. ಆ ಇಕ್ಕಟ್ಟಿನೊಳಗೇ ಅಂಕಿಗಳನ್ನು ಸ್ವರ ಮಾಡಿ ಕಳಿಸುವುದು, ಬಂದ ಸ್ವರವನ್ನು ಮತ್ತೆ ಅಂಕಿ ಮಾಡುವುದು ಮೋಡೆಮ್‌ನ ಕಸುಬು. ಅತ್ತಲಿನ ಯಂತ್ರ ಮೊದಲು 2,100 ಹರ್ಟ್ಸ್‌ನಲ್ಲಿ ‘ಇದ್ದೇನೆ’ ಎನ್ನುತ್ತದೆ. ಆಮೇಲೆ ಸಂತೆಯಲ್ಲಿ ಎದುರಾದ ಇಬ್ಬರು ಅಪರಿಚಿತರು ಯಾವ ಭಾಷೆಯಲ್ಲಿ ವ್ಯಾಪಾರ ಕುದುರಿಸೋಣ ಎಂದು ನೋಡಿಕೊಳ್ಳುವಂತೆ, ಎರಡೂ ಯಂತ್ರಗಳು ತಮಗೆ ಬರುವ ವೇಗಗಳನ್ನು ಹೇಳಿಕೊಂಡು, ಲೈನಿನಲ್ಲಿ ಎಷ್ಟು ಕೊರಕೊರ ಇದೆ ಎಂದು ಅಳೆದು, ಇಬ್ಬರಿಗೂ ಆಗುವ ಒಂದಕ್ಕೆ ಬರುತ್ತವೆ. ಕೊನೆಯ ಬುಸುಗುಟ್ಟುವ ಸದ್ದು ಈ ಅಳತೆಯದೇ. ಕಿವಿ ಪಳಗಿದವರಿಗೆ ಇವತ್ತು 33.6 ಸಿಗುತ್ತದೋ, 28.8ಕ್ಕೆ ಇಳಿಯುತ್ತದೋ ಎಂದು ಸದ್ದಿನಲ್ಲೇ ತಿಳಿಯುತ್ತಿತ್ತು.

ಡಬ್ಬಿಯ ಮೇಲೆ 56ಕೆ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಿತ್ತು. 1998ರಲ್ಲಿ ಬಂದ ವಿ.90 ಎಂಬ ಮಾನದಂಡ ಅದು. ಆದರೆ ಆ ವೇಗ ಸಿಗಬೇಕಾದರೆ ನಿಮ್ಮ ಎಕ್ಸ್‌ಚೇಂಜಿನವರೆಗೂ ಎಲ್ಲವೂ ಡಿಜಿಟಲ್ ಇರಬೇಕು, ಅಲ್ಲಿಂದ ಮನೆಗೆ ತಂತಿ ಗಿಡ್ಡದೂ ಚೊಕ್ಕವೂ ಆಗಿರಬೇಕು. ಪೇಟೆಯ ನಡುವೆ, ಎಕ್ಸ್‌ಚೇಂಜಿನ ಬಗಲಲ್ಲೇ ಇದ್ದ ಅಂಗಡಿಗೂ, ಕಾಲುವೆಯಾಚೆಯ ಕ್ಯಾಂಪಿನ ಮನೆಗೂ ಅಜಗಜಾಂತರ. ತುಂಗಭದ್ರಾ ಎಡದಂಡೆ ಕಾಲುವೆಗುಂಟ ಬೆಳೆದ ಕ್ಯಾಂಪುಗಳಿಗೆ ತಂತಿ ಹೊಲದ ಬದುವಿನ ಕಂಬಗಳ ಮೇಲೆ ಮೈಲಿಗಟ್ಟಲೆ ಹಾದುಹೋಗಬೇಕು. ದಾರಿಯುದ್ದಕ್ಕೂ ಗಂಟು, ಗಂಟಿನಲ್ಲಿ ತುಕ್ಕು, ಪಕ್ಕದಲ್ಲೇ ವಿದ್ಯುತ್ ತಂತಿಯ ಗುಂಯ್‌ಗುಡುವಿಕೆ. ಮಾತಾಡುವಾಗ ಅದು ಬರೀ ಸಣ್ಣ ಕೊರಕೊರ. ಮೋಡೆಮ್‌ಗೆ ಮಾತ್ರ ಅದು ಜೀವ ಹಿಂಡುವ ತೊಂದರೆ. ಹೊಸ ಕಂಪ್ಯೂಟರ್ ತಂದರೂ ವೇಗ ಹೆಚ್ಚದ ಮನೆಗಳಲ್ಲಿ, ಲೈನ್‌ಮನ್ ಕಂಬವೇರಿ ಒಂದು ಗಂಟು ಬಿಚ್ಚಿ ತಿಕ್ಕಿ ಮತ್ತೆ ಹೊಸೆದು ಕಟ್ಟಿದ ಮೇಲೆ ನೆಟ್ ಸಲೀಸಾಗಿ ಓಡಿದ್ದುಂಟು. ಆ ಕಾಲದ ಇಂಟರ್ನೆಟ್ ಚರಿತ್ರೆ ಬರೆಯುವವರು ಸಾಫ್ಟ್‌ವೇರ್ ಎಂಜಿನಿಯರುಗಳನ್ನು ಮಾತ್ರ ನೆನೆಯುತ್ತಾರೆ. ತಾಲ್ಲೂಕುಗಳಲ್ಲಿ ಅದನ್ನು ನಡೆಸಿದವರು ಲೈನ್‌ಮನ್‌ಗಳು.

ಅದಕ್ಕೂ ಹಿಂದಿನ ಋಣ ಇನ್ನೊಂದಿದೆ. ಹಳ್ಳಿಗಳ ಧೂಳು, ಸೆಕೆ, ಕೈಕೊಡುವ ಕರೆಂಟಿಗೆ ಒಗ್ಗುವ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜನ್ನು 1984ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಸಿ-ಡಾಟ್ ರೂಪಿಸಿತು. ಅದರ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಬಿಸಿಲ ನಾಡಿನ ಊರುಗಳಿಗೆ ಏರ್ ಕಂಡೀಷನರ್ ಬೇಡದ ಅಂಥ ಯಂತ್ರಗಳು ಬರದಿದ್ದರೆ ಡಯಲ್ ಮಾಡಲು ಟೋನ್ ಎಲ್ಲಿತ್ತು?

ಮನೆಯಲ್ಲಿ ಇರುವುದು ಒಂದೇ ಲೈನು. ನೆಟ್ ಹಚ್ಚಿದರೆ ಹೊರಗಿನವರಿಗೆ ಫೋನ್ ಎಂಗೇಜ್. ಪಡಸಾಲೆಯಲ್ಲಿನ ಪ್ಯಾರಲಲ್ ಫೋನ್ ಯಾರಾದರೂ ಎತ್ತಿದರೋ, ಎಷ್ಟೋ ಹೊತ್ತಿನಿಂದ ಇಳಿಯುತ್ತಿದ್ದ ಫೈಲು ಅಲ್ಲಿಗೇ ಖಲಾಸ್. “ಯವ್ವಾ, ಫೋನ್ ಎತ್ತಬ್ಯಾಡ, ನೆಟ್ ಹಚ್ಚೀನಿ” ಎಂಬ ಕೂಗು, “ಬಿಲ್ ಯಾರ ಕಟ್ತಾರ, ಆರಿಸು ಇನ್ನ” ಎಂಬ ಉತ್ತರ ಮನೆಮನೆಯ ಮಾತಾಗಿತ್ತು. ಸ್ಥಳೀಯ ಕರೆ ಮೂರು ನಿಮಿಷಕ್ಕೊಂದರಂತೆ ಬೀಳುತ್ತಿದ್ದ ಕಾಲ; ಮುಂಚಿತವಾಗಿ ಕೊಂಡ ಸಂಚಾರ್‌ನೆಟ್ ಕಾರ್ಡಿನ ಗಂಟೆಗಳು ಬೇರೆ, ಫೋನಿನ ದುಡ್ಡು ಬೇರೆ. 172222 ಎಂಬ ಇನ್ನೊಂದು ಸಂಖ್ಯೆಯೂ ಬಂತು. ಅದಕ್ಕೆ ಕಾರ್ಡು ಬೇಡ, ಬಳಸಿದಷ್ಟು ಫೋನ್ ಬಿಲ್ಲಿಗೇ ಸೇರುತ್ತಿತ್ತು. ರಾತ್ರಿ ದರ ಕಡಿಮೆ, ಲೈನೂ ಬಿಡುವು. ಹಾಗಾಗಿ ನೆಟ್ ಎಂದರೆ ಊಟವಾದ ಮೇಲಿನ ಕೆಲಸ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಸಂಜೆಗಳಲ್ಲಿ ಮಾತ್ರ ಯಾರೂ ಹತ್ತಿರ ಹೋಗುತ್ತಿರಲಿಲ್ಲ. ಕರೆಂಟಿನ ಪ್ಲಗ್ ತೆಗೆದರೆ ಸಾಲದು, ಫೋನ್ ತಂತಿಯನ್ನೂ ಕಿತ್ತಿಡಬೇಕು. ಸಿಡಿಲು ಆ ತಂತಿ ಹಿಡಿದೇ ಒಳಗೆ ಬಂದು ಮೋಡೆಮ್ ಸುಡುತ್ತಿತ್ತು.

33.6ರ ವೇಗದಲ್ಲಿ ಒಂದು ಎಂಬಿ ಇಳಿಯಲು ನಾಲ್ಕು ನಿಮಿಷಕ್ಕೂ ಹೆಚ್ಚು. ಇಂದಿನ ಮೊಬೈಲ್ ತೆಗೆಯುವ ನಾಲ್ಕು ಎಂಬಿಯ ಒಂದು ಫೋಟೊಗೆ ಕಾಲು ಗಂಟೆ ದಾಟುತ್ತಿತ್ತು. ಮಸ್ಕಿಯ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು. ‘ಅಶೋಕ’ ಎಂಬ ಹೆಸರನ್ನೇ ಹೇಳುವ ಆ ಬಂಡೆಯ ಚಿತ್ರವನ್ನು ಅದೇ ಮಸ್ಕಿಯ ಹುಡುಗನೊಬ್ಬ ಪರದೆಯ ಮೇಲೆ ನೋಡಬೇಕೆಂದರೆ ಅದು ಮೇಲಿನಿಂದ ಗೆರೆಗೆರೆಯಾಗಿ ಇಳಿಯುವುದನ್ನು ಕಾಯಬೇಕಿತ್ತು. ಅಕ್ಷರಗಳಾದರೆ ಸಲೀಸು. ಅದಕ್ಕೇ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನೆಟ್ ಇದ್ದ ಮನೆ, ಸೈಬರ್ ಕೆಫೆಗಳ ಮುಂದೆ ನಂಬರ್ ಬರೆದ ಚೀಟಿ ಹಿಡಿದ ಮಕ್ಕಳ ಗುಂಪು. ಒಂದು ಸಲ ಹತ್ತಿದರೆ ಓಣಿಯ ಎಲ್ಲರ ಅಂಕ ತೆಗೆದೇ ಆರಿಸುತ್ತಿದ್ದರು.

ಕನ್ನಡ ಓದುವುದು ಬೇರೆಯೇ ಪಾಡು. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ 1996ರಲ್ಲೇ ಅಂತರಜಾಲದಲ್ಲಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಆದರೆ ಯುನಿಕೋಡ್ ಬಳಕೆಗೆ ಬರುವವರೆಗೆ ಒಂದೊಂದು ತಾಣಕ್ಕೆ ಒಂದೊಂದು ಫಾಂಟು. ಅದಿಲ್ಲದಿದ್ದರೆ ಕನ್ನಡದ ಬದಲು ಅರ್ಥವಾಗದ ಇಂಗ್ಲಿಷ್ ಚಿಹ್ನೆಗಳ ರಾಶಿ. ಹೀಗಾಗಿ ಮಗನಿಗೆ ಇಮೇಲ್ ಬರೆಯುವ ಅಪ್ಪ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದ. ಅಚ್ಚುಕಟ್ಟಾಗಿ ಬರೆಯಬೇಕೆಂದವರು ನುಡಿಯಲ್ಲಿ ಟೈಪಿಸಿ ಫೈಲನ್ನೇ ಲಗತ್ತಿಸುತ್ತಿದ್ದರು.

ಫೋನ್ ಬಿಲ್ಲಿನ ಭಯವೇ ಒಂದು ರೂಢಿ ಕಲಿಸಿತು. ನೆಟ್ ಇಲ್ಲದಾಗ ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ನಿಧಾನವಾಗಿ ಪತ್ರ ಬರೆದಿಟ್ಟುಕೊಳ್ಳುವುದು, ಆಮೇಲೆ ನೆಟ್ ಹಚ್ಚಿ, ಬರೆದದ್ದನ್ನು ಕಳಿಸಿ, ಬಂದದ್ದನ್ನು ಇಳಿಸಿಕೊಂಡು, ಕೂಡಲೇ ಆರಿಸುವುದು, ಓದುವುದು ಪುರಸೊತ್ತಾಗಿ. ಹಾಗಾಗಿ ಆ ಪತ್ರಗಳು ಎಲ್ಲೋ ದೂರದ ಕಂಪನಿಯ ಸರ್ವರಿನಲ್ಲಿ ಉಳಿಯಲಿಲ್ಲ, ಮನೆಯ ಹಾರ್ಡ್‌ಡಿಸ್ಕಿನಲ್ಲೇ ಉಳಿದವು. ಈಗಿನ ವಾಟ್ಸ್‌ಆ್ಯಪ್ ಮಾತುಗಳು, ಬ್ಯಾಕಪ್ ಮಾಡದಿದ್ದರೆ, ಫೋನ್ ಬದಲಿಸಿದಾಗ ಹೋಗಿಬಿಡುತ್ತವೆ. ಆ ಕಾಲದ ಮನೆಯ ಮಾತುಕತೆ, ಮಿಲ್ಲಿನ ದರದ ಪತ್ರ, ಸಂಘದ ನಡಾವಳಿ, ಅಚ್ಚಾಗದ ಕವಿತೆ ಇವೆಲ್ಲ ಇನ್ನೂ ಆ ಪೆಟ್ಟಿಗೆಗಳಲ್ಲಿರಬಹುದು. ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ನಮ್ಮ ಮೂರು ಊರುಗಳ ಮಟ್ಟಿಗೆ ಆ ವರ್ಷಗಳ ಬದುಕಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಇರಲಾರದು.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ‘ಡೇಟಾಒನ್’ ಬ್ರಾಡ್‌ಬ್ಯಾಂಡ್ ತಂದಿತು. ಅದೇ ತಾಮ್ರದ ಜೋಡಿ, ವೇಗ 256 ಕಿಲೋಬಿಟ್, ಫೋನೂ ಖಾಲಿ. ಡಯಲ್-ಅಪ್ ಸದ್ದಿಲ್ಲದೆ ಸರಿಯಿತು. ಅಮೆರಿಕದಲ್ಲಿ ಅದನ್ನು ಮನೆಮಾತಾಗಿಸಿದ್ದ ಎಓಎಲ್ ಕಂಪನಿಯೂ 2025ರ ಸೆಪ್ಟೆಂಬರ್ 30ಕ್ಕೆ ಆ ಸೇವೆ ನಿಲ್ಲಿಸಿದೆ.

ನಿಮ್ಮ ಅಟ್ಟದ ಮೇಲೆ ಅಂಥ ಕಂಪ್ಯೂಟರ್ ಇದ್ದರೆ ಒಂದು ಕೋರಿಕೆ. ಅದಕ್ಕೆ ಮತ್ತೆ ನೆಟ್ ಹಚ್ಚಲು ಹೋಗಬೇಡಿ. ವಿಂಡೋಸ್ 98ರ ಹಳೆಯ ಬ್ರೌಸರಿಗೆ ಇಂದಿನ ತಾಣಗಳು ತೆರೆಯುವುದಿಲ್ಲ. ವರ್ಷಗಟ್ಟಲೆ ಧೂಳು ಕುಡಿದ ಯಂತ್ರಕ್ಕೆ ಏಕಾಏಕಿ ಕರೆಂಟ್ ಕೊಡುವುದೂ ಅಪಾಯ. ಹಾರ್ಡ್‌ಡಿಸ್ಕನ್ನು ಮಾತ್ರ ಬಿಚ್ಚಿಸಿ, ಐಡಿಇಯಿಂದ ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಹಾಕಿ ಇಂದಿನ ಯಂತ್ರಕ್ಕೆ ನಕಲಿಸಿಕೊಳ್ಳಿ. ಔಟ್‌ಲುಕ್ ಎಕ್ಸ್‌ಪ್ರೆಸ್‌ನ ಪತ್ರಗಳು ‘ಡಿಬಿಎಕ್ಸ್’ ಎಂಬ ಬಾಲವಿರುವ ಫೈಲುಗಳಲ್ಲಿರುತ್ತವೆ, ಅವನ್ನು ತೆರೆಯುವ ತಂತ್ರಾಂಶಗಳಿವೆ. ನುಡಿ, ಬರಹದ ಹಳೆಯ ಫೈಲುಗಳನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಗುಜರಿಯವರು ಕಿಲೋ ಲೆಕ್ಕದಲ್ಲಿ ತೂಗಿ ಒಯ್ಯುವ ಮುನ್ನ ಇಷ್ಟು ಮಾಡಿಸಿಕೊಳ್ಳಿ.