ನಿದ್ರೆಗೆ ನಿದ್ರೆಯೇ ಮದ್ದು

ಜಾತ್ರೆ, ಮದುವೆಗಳ ಕಾಲದಲ್ಲಿ ನಾವು ಹಗಲೆಲ್ಲ ಓಡಾಡಿ, ರಾತ್ರಿ ಪ್ರಸಾದ ಸ್ವೀಕರಿಸಿ, 'ಬೆಳಗಾಗುವುದರೊಳಗೆ ಊರು ಸೇರೋಣ' ಎಂದು ವಾಹನವೇರುತ್ತೇವೆ. ಸ್ವಲ್ಪ ಹೊತ್ತಿಗೆ ಎಲ್ಲರೂ ನಿದ್ರೆಗೆ ಜಾರುತ್ತೇವೆ. ನಮ್ಮಷ್ಟೇ ದಣಿದ ಚಾಲಕನೊಬ್ಬನು ಮಾತ್ರ ಎಚ್ಚರವಿರಬೇಕಾಗುತ್ತದೆ.

ಮದ್ಯ ಸೇವಿಸಿ ವಾಹನ ನಡೆಸುವುದು ತಪ್ಪೆಂದು ಎಲ್ಲರೂ ಬಲ್ಲೆವು. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿದ ಮದ್ಯಸಾರವಿದ್ದರೆ ನಮ್ಮ ಕಾಯಿದೆಯಂತೆ ಅದು ಅಪರಾಧ. ಆದರೆ ಸತತ 17 ಗಂಟೆ ಎಚ್ಚರವಿದ್ದವನ ಚುರುಕುತನವು, ಸುಮಾರು 50 ಮಿ.ಗ್ರಾಂ. ಮದ್ಯಸಾರವಿದ್ದವನಷ್ಟೇ ಕುಗ್ಗಿರುತ್ತದೆ ಎಂಬುದು ಸಂಶೋಧನೆಗಳಿಂದ ತಿಳಿದಿದೆ. ಬೆಳಗಿನ 5ಕ್ಕೆ ಎದ್ದವನು ರಾತ್ರಿ 10ಕ್ಕೆ ಈ ಸ್ಥಿತಿ ತಲುಪುತ್ತಾನೆ. ಹನಿ ಮದ್ಯ ಮುಟ್ಟದವನೂ ಹೀಗೆ ಅಮಲಿನಲ್ಲಿದ್ದಂತೆಯೇ ವಾಹನ ನಡೆಸುತ್ತಿರಬಹುದು.

ಜೊಂಪು ಹತ್ತುವುದು ಕೆಲವೇ ಸೆಕೆಂಡು. ಗಂಟೆಗೆ 80 ಕಿ.ಮೀ. ವೇಗದ ಕಾರು 4 ಸೆಕೆಂಡಿನಲ್ಲಿ ಸುಮಾರು 90 ಮೀಟರ್ ಸಾಗುತ್ತದೆ. ಅಷ್ಟು ದೂರವೂ ಅದಕ್ಕೆ ಚಾಲಕನೇ ಇಲ್ಲ. ಬ್ರೇಕ್ ಒತ್ತುವ ಕಾಲೂ ನಿದ್ರಿಸಿರುತ್ತದೆ. ನಡುರಾತ್ರಿಯಿಂದ ಬೆಳಗಿನ 6ರವರೆಗೆ ಮತ್ತು ಮಧ್ಯಾಹ್ನ 2ರಿಂದ 4ರವರೆಗೆ ದೇಹವು ಸಹಜವಾಗಿಯೇ ನಿದ್ರೆಯನ್ನು ಬಯಸುತ್ತದೆ. ಮನೋಬಲದಿಂದ ಇದನ್ನು ಗೆಲ್ಲುವೆವೆಂಬುದು ಭ್ರಮೆ.

ಮೇಲಿಂದ ಮೇಲೆ ಆಕಳಿಕೆ, ಕಣ್ಣುರಿ, ಹಿಂದೆ ದಾಟಿದ ಊರು ನೆನಪಾಗದಿರುವುದು, ವಾಹನ ರಸ್ತೆಯಂಚಿಗೆ ಸರಿಯುವುದು – ಇವು ನಿಲ್ಲಿಸಬೇಕೆಂಬ ಸೂಚನೆಗಳು. ಕಿಟಕಿ ತೆರೆಯುವುದು, ಹಾಡು ಹಾಕುವುದು, ಮುಖಕ್ಕೆ ನೀರೆರಚುವುದು ಕ್ಷಣಿಕ ಉಪಾಯಗಳಷ್ಟೆ. ಹೆದ್ದಾರಿಯ ಅಂಚಿನಲ್ಲಿ ನಿಲ್ಲದೆ, ಪೆಟ್ರೋಲ್ ಬಂಕಿನಂತಹ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ, ಒಂದು ಲೋಟ ಕಾಫಿ ಕುಡಿದು 15-20 ನಿಮಿಷ ಮಲಗಬೇಕು. ಕಾಫಿ ಪರಿಣಾಮ ಬೀರಲು ಸುಮಾರು ಅರ್ಧ ಗಂಟೆ ಬೇಕು. ಎದ್ದಾಗ ಎರಡರ ಫಲವೂ ಒಟ್ಟಿಗೆ ದೊರೆಯುತ್ತದೆ. ಮಂಪರು ಪೂರ್ಣ ಹರಿದ ಮೇಲೆಯೇ ಹೊರಡಬೇಕು. ಇದೂ ತಾತ್ಕಾಲಿಕ ನೆರವೇ. ರಾತ್ರಿಯ ನಿದ್ರೆಗೆ ಇದು ಬದಲಲ್ಲ. ದೂರ ಪ್ರಯಾಣದಲ್ಲಿ ಎರಡು ಗಂಟೆಗೊಮ್ಮೆ ವಿಶ್ರಾಂತಿ ಅಗತ್ಯ. ನೆಗಡಿಯ ಕೆಲವು ಮಾತ್ರೆಗಳೂ ತೂಕಡಿಕೆ ತರುತ್ತವೆ. ಜೋರಾಗಿ ಗೊರಕೆ ಹೊಡೆದು ಹಗಲಿನಲ್ಲೂ ತೂಕಡಿಸುವವರು ವೈದ್ಯರನ್ನು ಕಾಣಬೇಕು.

ಬಾಡಿಗೆ ವಾಹನದ ಚಾಲಕನನ್ನು 'ಊಟವಾಯಿತೇನಪ್ಪಾ?' ಎಂದು ನಾವು ಮರೆಯದೆ ವಿಚಾರಿಸುತ್ತೇವೆ. ಇನ್ನು ಮುಂದೆ 'ನಿದ್ರೆಯಾಯಿತೇ?' ಎಂದೂ ಕೇಳೋಣ. ಇಲ್ಲವೆಂದರೆ ಅವನಿಗೊಂದು ಚಾಪೆ, ಗಾಳಿಯಾಡುವ ಮೂಲೆ ಒದಗಿಸಿ, ಬೆಳಗಾದ ಮೇಲೆ ಹೊರಡೋಣ. ಊರು ಒಂದಿಷ್ಟು ತಡವಾಗಿ ಸೇರಿದರೂ ಎಲ್ಲರೂ ಕ್ಷೇಮವಾಗಿ ಸೇರುತ್ತೇವೆ.