ವಾಯುಸಖನ ಹದ

ಅಗ್ನಿಗೆ ವಾಯುಸಖನೆಂಬ ಹೆಸರುಂಟು. ಈ ಸಖ್ಯದ ಮರ್ಮವನ್ನು ಮೋಟಾರು ಯಂತ್ರದಲ್ಲಿ ಪ್ರತ್ಯಕ್ಷವಾಗಿ ಕಾಣಬಹುದು. ಒಂದು ತೂಕದ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ತೂಕದ ಗಾಳಿ ಬೇಕು. ತುಮಕೂರು ಸಮುದ್ರಮಟ್ಟಕ್ಕಿಂತ ಸುಮಾರು 820 ಮೀಟರು ಎತ್ತರದಲ್ಲಿದೆ. ಇಲ್ಲಿಯ ಗಾಳಿ ಕರಾವಳಿಯದಕ್ಕಿಂತ ಶೇಕಡ 8ರಷ್ಟು ವಿರಳ. ಆದಕಾರಣ ಮಂಗಳೂರಿನಲ್ಲಿ ಹದಗೊಳಿಸಿದ ಹಳೆಯ ಕಾರ್ಬುರೇಟರಿನ ಕಾರು ಗುಬ್ಬಿ, ಕುಣಿಗಲ್ಲುಗಳ ದಾರಿಯಲ್ಲಿ ಓಡುವಾಗ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ತುಸು ಹೆಚ್ಚುತ್ತದೆ, ಬಲ ಕುಂದುತ್ತದೆ.

ಈ ಕೊರತೆಯನ್ನು ಟರ್ಬೊ ತುಂಬಬಲ್ಲುದು. ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟು ಪಡೆದ ಕಲ್ಪನೆಯಿಂದ ಬೆಳೆದ ಈ ಸಾಧನವು, ಹೊರಹೋಗುವ ಹೊಗೆಯ ಶಕ್ತಿಯಿಂದಲೇ ಚಕ್ರವನ್ನು ತಿರುಗಿಸಿ ಗಾಳಿಯನ್ನು ಒತ್ತಿ ಒಳತುಂಬುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಅದನ್ನು ಇಂಟರ್‌ಕೂಲರು ತಣಿಸುತ್ತದೆ.

ಗಾಳಿ ಹೆಚ್ಚಿದಂತೆ ಇಂಧನವೂ ಹೆಚ್ಚಬೇಕು. ಪೂರ್ಣ ಭಾರ ಬಿದ್ದಾಗ ಪೆಟ್ರೋಲು ಯಂತ್ರದಲ್ಲಿ ಸುಮಾರು 12 ಪಾಲು ಗಾಳಿಗೆ 1 ಪಾಲು ಇಂಧನವನ್ನು ಕೊಡುವುದು ವಾಡಿಕೆ. ಹೆಚ್ಚುವರಿ ಇಂಧನವು ಆವಿಯಾಗುತ್ತ ಒಳಗಿನ ತಾಪವನ್ನು ತಗ್ಗಿಸುತ್ತದೆ. ಬಲದ ಆಸೆಯಿಂದ ಗಾಳಿಯ ಒತ್ತಡವನ್ನಷ್ಟೇ ಏರಿಸಿದರೆ ಮಿಶ್ರಣ ತೆಳುವಾಗಿ, ಅಕಾಲದಲ್ಲಿ ಸಿಡಿದು, ಪಿಸ್ಟನ್ನೇ ಕರಗಬಹುದು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು, ಯಂತ್ರದ ಬಡಿತಕ್ಕೆ ಕಿವಿಗೊಟ್ಟು, ಒತ್ತಡವನ್ನು ಸ್ವಲ್ಪಸ್ವಲ್ಪವಾಗಿ ಏರಿಸುವುದೇ ಬಲ್ಲವರ ಕ್ರಮ.