ತಾಳಗುಪ್ಪದ ರೈಲುದಾರಿ

ನಮ್ಮ ಗೋವಿನಕೋವಿಯಲ್ಲಿ ರೈಲುಹಳಿಯಿಲ್ಲ. ಗಾಡಿ ಹತ್ತಬೇಕಾದರೆ ಒಂದು ಕಡೆ ಹರಿಹರ, ಇನ್ನೊಂದು ಕಡೆ ಶಿವಮೊಗ್ಗೆ. ಶಿವಮೊಗ್ಗೆಯಿಂದ ಪಡುವಣಕ್ಕೆ ಹೊರಟು, ಕುಂಸಿ, ಅರಸಾಳು, ಆನಂದಪುರ, ಸಾಗರಗಳನ್ನು ದಾಟಿ ತಾಳಗುಪ್ಪದಲ್ಲಿ ಮುಗಿಯುವ ದಾರಿಯನ್ನು ನಮ್ಮಲ್ಲಿ ಅನೇಕರು ಜೋಗ ನೋಡಲು ಹೋಗುವ ದಾರಿಯೆಂದಷ್ಟೇ ಬಲ್ಲರು. ಕಾಡು, ಬಿದಿರುಮೆಳೆ, ಅಡಕೆತೋಟಗಳ ನಡುವಿನ ಆ ಪಯಣ ಸೊಗಸಾದುದೇ ಸರಿ. ಆದರೆ ಅದರ ಚರಿತ್ರೆ ಸೊಗಸಿನದಲ್ಲ, ದುಡಿಮೆಯದು.

ಬೀರೂರಿನಿಂದ ಶಿವಮೊಗ್ಗೆಗೆ ಹಳಿ ಬಂದದ್ದು 1899ರಲ್ಲಿ. ಅದು ಮೀಟರ್ ಗೇಜು. ಎಂದರೆ ಎರಡು ಕಂಬಿಗಳ ನಡುವೆ 1000 ಮಿಲಿಮೀಟರ್ ಅಂತರ. ಬ್ರಾಡ್ ಗೇಜಿನಲ್ಲಿ ಈ ಅಂತರ 1676. ಹಳಿ ಕಿರಿದಾದಷ್ಟೂ ತಿರುವುಗಳನ್ನು ಬಿಗಿಯಾಗಿ ಕೊಡಬಹುದು, ಗುಡ್ಡವನ್ನು ಕಡಿಮೆ ಕಡಿಯಬಹುದು, ಖರ್ಚೂ ಕಡಿಮೆ. ಇದೇ ದಾರಿಯ ಮೇಲಿರುವ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು. ಮುಂದೆ ಹಳಿ ಹಂತಹಂತವಾಗಿ ಮಲೆನಾಡನ್ನು ಹೊಕ್ಕು, 1940ರಲ್ಲಿ ತಾಳಗುಪ್ಪವನ್ನು ಮುಟ್ಟಿತು. ಜೋಗದ ವಿದ್ಯುದಾಗಾರದ ಕೆಲಸ ಮೊದಲಾದದ್ದು 1939ರಲ್ಲಿ, ವಿದ್ಯುತ್ತು ಹರಿದದ್ದು 1948ರಲ್ಲಿ. ಭಾರವಾದ ಯಂತ್ರಗಳು ಘಟ್ಟದಂಚನ್ನು ಸೇರಬೇಕಾಗಿದ್ದ ಆ ಕಾಲದಲ್ಲಿ, ಜೋಗಕ್ಕೆ ಸುಮಾರು 15 ಕಿಲೋಮೀಟರ್ ಹತ್ತಿರದಲ್ಲಿ ಹಳಿಯ ತುದಿ ಇದ್ದುದರ ಬೆಲೆಯನ್ನು ಯಾರಾದರೂ ಊಹಿಸಬಹುದು.

1992ರಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಅಗಲಕ್ಕೆ ತರುವ ಯೋಜನೆ ಆರಂಭವಾಯಿತು. ಮೊದಲು ಶಿವಮೊಗ್ಗೆಯವರೆಗೆ ಬ್ರಾಡ್ ಗೇಜು ಬಂತು. ಆಗ ತಾಳಗುಪ್ಪದ ಕಿರುಹಳಿ ದ್ವೀಪದಂತಾಯಿತು: ಅಲ್ಲಿಯ ಗಾಡಿ ಹೊರಗೆ ಬರುವಂತಿಲ್ಲ, ಹೊರಗಿನದು ಒಳಗೆ ಹೋಗುವಂತಿಲ್ಲ. ಹಳಿಯ ಮೇಲೆ ಬಸ್ಸಿನಂಥ ಒಂದು ವಾಹನ ಓಡಾಡುತ್ತಿತ್ತು. ಜನ ಅದನ್ನು ರೈಲುಬಸ್ಸೆಂದೇ ಕರೆದರು. ಕಡೆಗೆ 2011ರ ಹೊತ್ತಿಗೆ ತಾಳಗುಪ್ಪದವರೆಗೂ ಹಳಿ ಅಗಲವಾಯಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನೀಲಗಿರಿಯ ರೈಲು ತನ್ನ ಮೀಟರ್ ಗೇಜನ್ನೂ ಹಲ್ಲುಹಳಿಯನ್ನೂ ಉಳಿಸಿಕೊಂಡು 2005ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮದನ್ನೂ ಹಾಗೆಯೇ ಉಳಿಸಬಹುದಾಗಿತ್ತಲ್ಲವೆ ಎಂದು ಕೆಲವರು ಮರುಗುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಸಾಗರದ ರೋಗಿಗೂ ವಿದ್ಯಾರ್ಥಿಗೂ ಬೇಕಾದದ್ದು ಬೆಂಗಳೂರು, ಮೈಸೂರುಗಳಿಗೆ ನೇರವಾಗಿ ಹೋಗುವ ಗಾಡಿ. ಅದು ಈಗ ಇದೆ. ದ್ವೀಪವಾಗಿಯೇ ಬಿಟ್ಟಿದ್ದರೆ ಆ ಹಳಿ ಇಂದು ಇರುತ್ತಿತ್ತೆಂಬ ಭರವಸೆ ನನಗಿಲ್ಲ.

ಆದರೂ ಹಳೆಯದರ ಗುರುತು ಬೇಡವೆ? ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡ ಉಳಿದಿದೆ. ಉಳಿದದ್ದು ರೈಲಿನ ಪುಣ್ಯದಿಂದಲ್ಲ, ಕಥೆಯ ಪುಣ್ಯದಿಂದ. ಆರ್. ಕೆ. ನಾರಾಯಣರ ಮಾಲ್ಗುಡಿ ಎಂಬ ಕಲ್ಪನೆಯ ಊರಿನ ಕಥೆಗಳನ್ನು ಶಂಕರನಾಗ್ ದೂರದರ್ಶನಕ್ಕಾಗಿ ತೆಗೆದಾಗ ಅರಸಾಳೇ ಮಾಲ್ಗುಡಿಯ ನಿಲ್ದಾಣವಾಯಿತು. ಧಾರಾವಾಹಿ 1986ರಲ್ಲಿ ಪ್ರಸಾರವಾಯಿತು. ಆ ನೆನಪಿಗಾಗಿ ಕಟ್ಟಡವನ್ನು ದುರಸ್ತಿ ಮಾಡಿ, 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನು ತೆರೆದರು. ಅರಸಾಳಿಗೆ ಹೋಗಿ ಮಾಲ್ಗುಡಿ ಎಲ್ಲಿದೆ ಎಂದು ಕೇಳುವ ಕಾಲ ಬಂದಿತಲ್ಲ ಎಂದು ಮೊದಲು ನಗು ಬರುತ್ತದೆ. ಆದರೆ ಚಿತ್ರೀಕರಣದ ಕಾಲಕ್ಕೆ ಅಲ್ಲಿದ್ದದ್ದು ಮೀಟರ್ ಗೇಜಿನ ಹಳಿ. ಆ ಕಂತುಗಳನ್ನು ಇನ್ನೊಮ್ಮೆ ನೋಡುವ ಗೆಳೆಯರು ಕಥೆಯ ಜೊತೆಗೆ ಅರಸಾಳಿನ ಆ ಕಂಬಿಗಳನ್ನೂ ಗಮನಿಸಬೇಕೆಂದು ನನ್ನ ಕೋರಿಕೆ.